ಕ್ರಾಕೋವ್ ನೋಡಲು ಹೊರಟವರು ಮೊದಲು ಗಡಿಯಾರ ನೋಡಿಕೊಳ್ಳಿ

ಪೋಲೆಂಡಿನ ಹಳೆಯ ರಾಜಧಾನಿ ಕ್ರಾಕೋವ್‌ನಲ್ಲಿ ದೂರ ಎನ್ನುವುದು ತೊಂದರೆಯೇ ಅಲ್ಲ. ಹಳೆಯ ಊರಿನ ಉತ್ತರ ತುದಿಯ ಫ್ಲೋರಿಯನ್ ದ್ವಾರದಿಂದ ರಾಜರ ಅರಮನೆಯಿರುವ ವಾವೆಲ್ ಬೆಟ್ಟದವರೆಗೆ ಎಷ್ಟು ನಿಧಾನವಾಗಿ ನಡೆದರೂ ಅರ್ಧ ಗಂಟೆ ಸಾಕು. ಇಲ್ಲಿ ಕೈಕೊಡುವುದು ಬಾಗಿಲುಗಳು. ಒಂದು ಮಧ್ಯಾಹ್ನದ ಹೊತ್ತಿಗೆ ತೆರೆಯುತ್ತದೆ, ಇನ್ನೊಂದು ಶನಿವಾರ ಮುಚ್ಚಿರುತ್ತದೆ, ಮತ್ತೊಂದರ ಟಿಕೆಟ್ ನೀವು ಹೋಗುವಷ್ಟರಲ್ಲಿ ಮುಗಿದಿರುತ್ತದೆ.

ನಡುಚೌಕದಿಂದ ಶುರು ಮಾಡೋಣ. 1241ರ ಮಂಗೋಲ್ ದಾಳಿಯಲ್ಲಿ ಊರು ಹಾಳಾದ ಮೇಲೆ, 1257ರಲ್ಲಿ ಅಳತೆ ಹಿಡಿದು ಹೊಸದಾಗಿ ಹಾಕಿದ ಚೌಕ ಇದು. ಒಂದೊಂದು ಬದಿಯೂ ಸುಮಾರು 200 ಮೀಟರ್. ನಡುವೆ ಬಟ್ಟೆ ವ್ಯಾಪಾರಿಗಳ ಹಳೆಯ ಮಂಟಪ ಸುಕ್ಯೆನ್ನಿತ್ಸೆ, ಮೂಲೆಯಲ್ಲಿ ಮರಿಯಮ್ಮನವರ ಚರ್ಚ್. ಚರ್ಚಿನ ಮುಂಬಾಗಿಲು ಪ್ರಾರ್ಥನೆಗೆ ಬರುವವರದು. ಪ್ರವಾಸಿಗರು ಬಲಬದಿಯ ಪಕ್ಕದ ಬಾಗಿಲಿನಿಂದ ಹೋಗಬೇಕು, ಟಿಕೆಟ್ ಮಾರುವುದು ಅದರೆದುರಿನ ಇನ್ನೊಂದು ಕಟ್ಟಡದಲ್ಲಿ. ಇದು ಗೊತ್ತಿಲ್ಲದೆ ಬಾಗಿಲಲ್ಲೇ ಸರತಿ ನಿಂತು ವಾಪಸಾಗುವವರು ದಿನವೂ ಸಿಗುತ್ತಾರೆ. ಭಾನುವಾರ ಬೆಳಗ್ಗೆ ಪೂಜೆಗಳಿರುವುದರಿಂದ ಪ್ರವಾಸಿಗರಿಗೆ ಮಧ್ಯಾಹ್ನದ ನಂತರವೇ ಪ್ರವೇಶ.

ಒಳಗೆ ನೋಡಬೇಕಾದದ್ದು ಫೈಟ್ ಷ್ಟೋಸ್ ಎಂಬ ಶಿಲ್ಪಿ 1477ರಿಂದ 1489ರವರೆಗೆ ಕೆತ್ತಿದ ಮರದ ಬಲಿಪೀಠ. ಹದಿಮೂರು ಮೀಟರ್ ಎತ್ತರ, ಹನ್ನೊಂದು ಮೀಟರ್ ಅಗಲ. ಬೆಳಗ್ಗೆ ಅದರ ಬಾಗಿಲಿನಂಥ ರೆಕ್ಕೆಗಳು ಮುಚ್ಚಿರುತ್ತವೆ. ಆಗ ಕಾಣುವುದು ಹೊರಮೈಯ ಹನ್ನೆರಡು ಉಬ್ಬುಚಿತ್ರ ಮಾತ್ರ. ವಾರದ ದಿನಗಳಲ್ಲಿ 11:50ಕ್ಕೆ ಸನ್ಯಾಸಿನಿಯೊಬ್ಬರು ಬಂದು ರೆಕ್ಕೆ ತೆರೆದಾಗಲೇ ನಡುವಿನ ಬಂಗಾರದ ದೃಶ್ಯ, ಮರಿಯಮ್ಮನವರ ಕೊನೆಯ ಗಳಿಗೆ, ಕಣ್ಣಿಗೆ ಬೀಳುವುದು. ಹತ್ತು ಗಂಟೆಗೇ ಹೋಗಿ ಹನ್ನೊಂದಕ್ಕೆ ಹೊರಬಂದರೆ ನೋಡಿದ್ದು ಅರ್ಧ. 11:30ಕ್ಕೆ ಒಳಗೆ ಸೇರಿ, ಮುಂದಿನ ಸಾಲಿನಲ್ಲಿ ಜಾಗ ಹಿಡಿಯಿರಿ.

ಹಾಗೆ ಮಾಡಿದರೆ ಮಧ್ಯಾಹ್ನ ಹನ್ನೆರಡರ ತುತ್ತೂರಿ ತಪ್ಪಬಹುದು. ಪರವಾಗಿಲ್ಲ, ಅದು ಗಂಟೆಗೊಮ್ಮೆ ಕೇಳಿಸುತ್ತದೆ. ಎತ್ತರದ ಗೋಪುರದ ಮೇಲಿನಿಂದ ಅಗ್ನಿಶಾಮಕ ದಳದವರು ನಾಲ್ಕು ದಿಕ್ಕಿಗೂ ಊದುತ್ತಾರೆ, ರಾಗ ನಡುವೆ ಥಟ್ಟನೆ ನಿಲ್ಲುತ್ತದೆ. ಊದುವವನ ಗಂಟಲಿಗೆ ಮಂಗೋಲರ ಬಾಣ ನಾಟಿದ ನೆನಪು ಅದು ಎಂದು ಗೈಡುಗಳು ಹೇಳುತ್ತಾರೆ. ಕಥೆ ಚೆನ್ನಾಗಿದೆ, ಆದರೆ 1241ರಲ್ಲಿ ಇಷ್ಟೆತ್ತರದ ಗೋಪುರ ಅಲ್ಲಿರಲಿಲ್ಲ. ಗೋಪುರದ ಬುಡದಲ್ಲಿ ನಿಂತರೆ ಏನೂ ಕಾಣದು. ಕವಿ ಮಿತ್ಸ್‌ಕೆವಿಚ್ ಪ್ರತಿಮೆಯವರೆಗೆ ಹಿಂದೆ ಸರಿದು ತಲೆಯೆತ್ತಿ. ಕೊನೆಗೆ ಊದುವವರು ಕೈಬೀಸುವುದೂ ಉಂಟು.

ವಾವೆಲ್‌ಗೆ ಅರ್ಧ ದಿನ ಇಟ್ಟುಕೊಳ್ಳಿ. ಬೆಟ್ಟ ಹತ್ತಿ ಅಂಗಳದಲ್ಲಿ ಓಡಾಡಲು ದುಡ್ಡಿಲ್ಲ. ಆದರೆ ಅರಮನೆಗೂ ಕಥೀಡ್ರಲ್‌ಗೂ ಆಡಳಿತ ಬೇರೆ, ಕೌಂಟರ್ ಬೇರೆ. ಅರಮನೆಯೊಳಗೂ ಒಂದೊಂದು ಪ್ರದರ್ಶನಕ್ಕೆ ಒಂದೊಂದು ಟಿಕೆಟ್, ಅದಕ್ಕೆ ನಿಗದಿ ಸಮಯ, ಜನರ ಮಿತಿ. ಎಲ್ಲವನ್ನೂ ಕೊಳ್ಳುವ ಅಗತ್ಯವಿಲ್ಲ. ಒಂದನ್ನೇ ಆರಿಸುವುದಾದರೆ ಕಥೀಡ್ರಲ್. 1519ರಿಂದ 1533ರ ನಡುವೆ ಇಟಲಿಯ ಬೆರೆಚ್ಚಿ ಕಟ್ಟಿದ ಸಿಗಿಸ್ಮಂಡ್ ಪ್ರಾರ್ಥನಾಮಂದಿರ, ನೆಲದಡಿಯ ರಾಜಸಮಾಧಿಗಳು, 1520ರಲ್ಲಿ ಎರಕ ಹೊಯ್ದ ಹನ್ನೆರಡು ಟನ್ನಿಗೂ ಮಿಕ್ಕ ಘಂಟೆ, ಎಲ್ಲ ಇರುವುದು ಅಲ್ಲಿ. ಈ ಘಂಟೆ ಬಾರಿಸಲು ಹನ್ನೆರಡು ಜನ ಬೇಕು, ಬಾರಿಸುವುದೂ ದೊಡ್ಡ ಹಬ್ಬಗಳಲ್ಲಿ ಮಾತ್ರ. ಅಲ್ಲಿಗೆ ಹತ್ತುವ ಮರದ ಮೆಟ್ಟಿಲು ಕಿರಿದು, ಕಡಿದು. ಎತ್ತರದವರು ತೊಲೆಗಳಿಗೆ ತಲೆ ಬಡಿಸಿಕೊಳ್ಳುತ್ತಾರೆ, ಮಂಡಿನೋವಿದ್ದವರು ಬಿಟ್ಟುಬಿಡುವುದೇ ಮೇಲು.

ಅರಮನೆ ಅಂಗಳದ ಒಂದು ಮೂಲೆಯ ಗೋಡೆಗೆ ಕೆಲವರು ಕಣ್ಣುಮುಚ್ಚಿ ಒರಗಿ ನಿಂತಿರುತ್ತಾರೆ. ಶಿವ ಲೋಕದ ಮೇಲೆ ಎಸೆದ ಏಳು ಕಲ್ಲುಗಳಲ್ಲಿ ಒಂದು ಇಲ್ಲಿದೆಯಂತೆ, ಅದರಿಂದ ಶಕ್ತಿ ಹರಿಯುತ್ತದಂತೆ! ನಮ್ಮ ಶಿವ ಪೋಲೆಂಡಿನ ಗೋಡೆಗೆ ಬಂದ ಈ ಕಥೆ ಅರಮನೆಯವರಿಗೇನೂ ಇಷ್ಟವಿಲ್ಲ.

ದಂತಕಥೆಯ ಡ್ರ್ಯಾಗನ್ ಇತ್ತೆನ್ನುವ ಗುಹೆಯನ್ನು ಕಡೆಗೆ ಇಟ್ಟುಕೊಳ್ಳಿ. ಬೆಟ್ಟದ ಮೇಲಿನಿಂದ 135 ಸುರುಳಿ ಮೆಟ್ಟಿಲು ಇಳಿದರೆ ವಿಸ್ಟುಲಾ ನದಿದಂಡೆಗೆ ಬಂದು ಬೀಳುತ್ತೀರಿ. ಮರಳಿ ಬರುವ ದಾರಿ ಇಲ್ಲ. ಕಥೀಡ್ರಲ್ ಬಾಕಿಯಿರುವಾಗ ಇಳಿದವರು ಬೆಟ್ಟವನ್ನು ಮತ್ತೆ ಹತ್ತಬೇಕು. ಚಳಿಗಾಲದಲ್ಲಿ ಗುಹೆ ತೆರೆದಿರುವುದಿಲ್ಲ. ಹೊರಗೆ ಬೆಂಕಿಯುಗುಳುವ ಪ್ರತಿಮೆ ನೋಡಲು ಮಾತ್ರ ಯಾವ ಟಿಕೆಟ್ಟೂ ಬೇಡ.

ಲಿಯೊನಾರ್ಡೊನ ‘ಅರ್ಮಿನ್ (ಬಿಳಿ ತುಪ್ಪಳದ ಪುಟ್ಟ ಪ್ರಾಣಿ) ಹಿಡಿದ ಮಹಿಳೆ’ ಚಿತ್ರ ಇರುವುದು ಚಾರ್ತೋರಿಸ್ಕಿ ಸಂಗ್ರಹಾಲಯದಲ್ಲಿ, ಸೋಮವಾರ ರಜೆ. ಕಾಜಿಮಿಯೆಜ್‌ನ ಯಹೂದಿ ಕೇರಿಗೆ ಶನಿವಾರ ಹೋಗಬೇಡಿ, ಅಂದು ಅವರ ವಿಶ್ರಾಂತಿಯ ದಿನ ಸಬ್ಬತ್, ರೆಮು ಸಿನಗಾಗ್ (ಯಹೂದಿ ಪ್ರಾರ್ಥನಾಮಂದಿರ) ಮತ್ತು ಅದರ ಸ್ಮಶಾನ ಮುಚ್ಚಿರುತ್ತವೆ. ಯಹೂದಿಗಳನ್ನು ಕೆಲಸಕ್ಕಿಟ್ಟು ಉಳಿಸಿದ ಷಿಂಡ್ಲರ್‌ನ ನದಿಯಾಚೆಯ ಕಾರ್ಖಾನೆಗೆ ಟಿಕೆಟ್ಟನ್ನು ಬಹಳ ಮುಂಚೆ ಆನ್‌ಲೈನಿನಲ್ಲಿ ತೆಗೆಯಿರಿ. ಅಲ್ಲಿ ಯಂತ್ರಗಳಿರುತ್ತವೆ ಎಂದು ಹೋದವರಿಗೆ ನಿರಾಸೆ. ಅದೀಗ 1939ರಿಂದ 1945ರವರೆಗಿನ ನಾಜಿ ಆಡಳಿತದಲ್ಲಿ ಊರು ಹೇಗಿತ್ತು ಎಂದು ತೋರಿಸುವ ಸಂಗ್ರಹಾಲಯ.

ಅಲ್ಲಿಗೆ ಟ್ರಾಮ್ ಹಿಡಿದರೆ, ಕಾಗದದ ಟಿಕೆಟ್ಟನ್ನು ಹತ್ತಿದ ಕೂಡಲೇ ಒಳಗಿನ ಚಿಕ್ಕ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಬೇಕು. ಜೇಬಿನಲ್ಲಿ ಟಿಕೆಟ್ ಇದ್ದೂ ದಂಡ ಕಟ್ಟುವವರು ಇದನ್ನೇ ಮರೆತವರು. ಶೌಚಾಲಯದ ಬಾಗಿಲಲ್ಲಿ ವೃತ್ತ ಹೆಂಗಸರಿಗೆ, ತ್ರಿಕೋನ ಗಂಡಸರಿಗೆ.

ಸಸ್ಯಾಹಾರಿಗಳು ಬೀದಿಗಾಡಿಯ ಒಬ್ವಾಜಾನೆಕ್ ನಂಬಬಹುದು. ಎಳ್ಳು, ಗಸಗಸೆ ಅಥವಾ ಉಪ್ಪು ಉದುರಿಸಿದ ಈ ಹೊಸೆದ ಬ್ರೆಡ್ ಬಳೆ ನಮ್ಮ ಕೋಡುಬಳೆಯ ಹಿರಿಯಣ್ಣನಂತಿದೆ. ಆಲೂಗಡ್ಡೆ, ಗಿಣ್ಣು ತುಂಬಿದ ‘ಪ್ಯೆರೋಗಿ ರುಸ್ಕ್ಯೆ’ಯಲ್ಲಿ ಮಾಂಸ ಇಲ್ಲದಿದ್ದರೂ ಮೇಲೆ ಹುರಿದ ಹಂದಿಕೊಬ್ಬು ಉದುರಿಸುವ ರೂಢಿಯಿದೆ. ಆರ್ಡರ್ ಕೊಡುವಾಗಲೇ ‘ಬೆಜ್ ಸ್ಕ್ವಾರೆಕ್’ ಎನ್ನಿ.

ವಿಯೆಲಿಚ್ಕಾ ಉಪ್ಪಿನ ಗಣಿಯನ್ನು ಇವುಗಳ ಜೊತೆ ತುರುಕಬೇಡಿ. ಕ್ರಾಕೋವ್ ಮುಖ್ಯ ನಿಲ್ದಾಣದಿಂದ ರೈಲಿದೆ, ಗಣಿಯ ಹೆಸರೇ ಸೇರಿಸಿಕೊಂಡ ಕೊನೆಯ ನಿಲ್ದಾಣದಲ್ಲಿ ಇಳಿಯಬೇಕು. ಶುರುವಿಗೇ ಸುಮಾರು 380 ಮೆಟ್ಟಿಲು ಇಳಿತ, ಒಟ್ಟು 800ರಷ್ಟು. ಒಳಗೆ ಬೇಸಿಗೆಯಲ್ಲೂ ತಂಪು, ತೆಳು ಸ್ವೆಟರ್ ಬೇಕು. ಗೈಡ್ ಇಲ್ಲದೆ ಬಿಡುವುದಿಲ್ಲ, ಸುತ್ತಲು ಎರಡು-ಮೂರು ತಾಸು. ಮೇಲಕ್ಕೆ ಬರಲು ಲಿಫ್ಟ್ ಇದೆ, ಆದರೆ ಜನ ಹೆಚ್ಚಿದ್ದಾಗ ಅದರ ಮುಂದೂ ಸರತಿ. ಹಾಗಾಗಿ ಅದೇ ಸಂಜೆ ಬೇರೆಲ್ಲಿಗೂ ಸಮಯ ಗೊತ್ತುಮಾಡಿದ ಟಿಕೆಟ್ ತೆಗೆದಿಡಬೇಡಿ.