ಹನ್ನೊಂದನೇ ಮಹಡಿಗೆ ಜಗಲಿ ಇಲ್ಲ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಹತ್ತಿರ ಒಳಗೆ ತಿರುಗಿದರೆ ನಮ್ಮ ಮನೆ. ಮನೆಯ ಒಳಗಿಗಿಂತ ಅದರ ಜಗಲಿಯೇ ನನಗೆ ಹೆಚ್ಚು ನೆನಪು. ಅಪ್ಪಯ್ಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅವರು ಸಂಜೆ ಬಂದು ಕಾಲು ತೊಳೆಯುವ ಹೊತ್ತಿಗೆ ಜಗಲಿಯ ಮೇಲೆ ಇಬ್ಬರೋ ಮೂವರೋ ಕಾದು ಕುಳಿತಿರುತ್ತಿದ್ದರು. ಕೈಯಲ್ಲಿ ಮಡಿಸಿ ಮಡಿಸಿ ಗೆರೆಬಿದ್ದ ಕಾಗದ. "ಮೇಷ್ಟ್ರೇ, ಇದರಲ್ಲಿ ಏನು ಬರೆದಿದೆ ನೋಡಿ." 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಗೇಣಿದಾರರಿಗೆ ಜಮೀನಿನ ಹಕ್ಕು ಕೇಳುವ ಅರ್ಜಿ, ಏಳನೇ ನಮೂನೆ, ತುಂಬಿಕೊಟ್ಟದ್ದನ್ನು ಅಪ್ಪಯ್ಯ ಆಗಾಗ ಹೇಳುತ್ತಿದ್ದರು. ನಾನು ಕಣ್ಣಾರೆ ಕಂಡದ್ದು ಬಗರ್ ಹುಕುಂ ಸಾಗುವಳಿಯ 50 ಮತ್ತು 53ನೇ ನಮೂನೆಗಳನ್ನು. ಜಮೀನು ಉಳುವ ಕೈಗೆ ಆ ಕಾಗದದ ಭಾಷೆ ಬರುತ್ತಿರಲಿಲ್ಲ. ಅಮ್ಮ ಬೆಲ್ಲದ ಕಾಫಿ ತಂದಿಡುತ್ತಿದ್ದಳು, ಅಪ್ಪಯ್ಯ ಒಂದೊಂದೇ ಸಾಲಿಗೆ ಬೆರಳಿಟ್ಟು ಓದುತ್ತಿದ್ದರು.

ಸಿಂಗಪುರಕ್ಕೆ ಬಂದು ಹದಿನೇಳು ವರ್ಷವಾಯಿತು. ಊರಿಗೆ ಫೋನ್ ಮಾಡಿದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಲ್ಲಿಯೂ ಬಡವರು ಇದ್ದಾರೇನೇ?" ಇದ್ದಾರೆ. ಅಂಥವರ ಮನೆಗಳಿಗೆ ಹದಿನೈದು ದಿನಕ್ಕೊಂದು ಶನಿವಾರದಂತೆ ಆರು ವರ್ಷದಿಂದ ಹೋಗುತ್ತಿದ್ದೇನೆ. ಈಗ ಇದನ್ನು ಬರೆಯಬೇಕೆನಿಸಿದ್ದು ಶಿವಮೊಗ್ಗದಲ್ಲಿ ಕಂಡ ಒಂದು ಮನೆಯಿಂದಾಗಿ. ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿಯ ನಿವಾಸಿಗಳಲ್ಲಿ ಹತ್ತಕ್ಕೆ ಹೆಚ್ಚುಕಡಿಮೆ ಎಂಟು ಮಂದಿ ಇರುವುದು ಸರ್ಕಾರಿ ಮಂಡಳಿ ಕಟ್ಟಿಸಿದ ಫ್ಲ್ಯಾಟುಗಳಲ್ಲಿ. ಎಚ್‌ಡಿಬಿ ಎಂಬ ಆ ವಸತಿ ಮಂಡಳಿ ಹುಟ್ಟಿದ್ದು 1960ರಲ್ಲಿ. ಮರುವರ್ಷ ಮೇ 25ರಂದು ಬುಕಿತ್ ಹೋ ಸ್ವೀ ಎಂಬಲ್ಲಿ ಗುಡಿಸಲುಗಳ ಊರಿಗೆ ಊರೇ ಬೆಂಕಿಗೆ ಆಹುತಿಯಾಗಿ ಸುಮಾರು 16,000 ಜನ ಬೀದಿಗೆ ಬಿದ್ದರು. ಅಲ್ಲಿಂದ ಮುಂದೆ ಮನೆ ಕಟ್ಟುವ ಕೆಲಸ ಎಂಥ ವೇಗದಲ್ಲಿ ನಡೆಯಿತೆಂದರೆ, ಮೊದಲ ಐದು ವರ್ಷಗಳಲ್ಲೇ ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಬಹುಪಾಲು ಜನ ಇವನ್ನು 99 ವರ್ಷದ ಗುತ್ತಿಗೆಗೆ ಕೊಂಡುಕೊಂಡಿರುತ್ತಾರೆ. ಕೊಳ್ಳಲಾರದವರಿಗೆ ಬಾಡಿಗೆಯ ಬ್ಲಾಕುಗಳಿವೆ. ಒಂದು ಕೋಣೆಯದು, ಇಲ್ಲವೆಂದರೆ ಎರಡು ಕೋಣೆಯದು. ಅಂಥವು ಐವತ್ತು ಸಾವಿರಕ್ಕಿಂತ ಹೆಚ್ಚಿವೆ. ಬಾಡಿಗೆ ಆದಾಯಕ್ಕೆ ತಕ್ಕಂತೆ. ತೀರ ಕಡಿಮೆ ಎಂದರೆ ತಿಂಗಳಿಗೆ 26 ಸಿಂಗಪುರ ಡಾಲರ್, ಎರಡು ಸಾವಿರ ರೂಪಾಯಿಗೂ ಕಡಿಮೆ. ಇಷ್ಟು ದುಬಾರಿಯ ಊರಿನಲ್ಲಿ ಇದು ಸಣ್ಣ ಉಪಕಾರವಲ್ಲ. ತಲೆಯ ಮೇಲೆ ಸೂರು, ನಲ್ಲಿಯಲ್ಲಿ ನೀರು, ಹತ್ತಿರದಲ್ಲಿ ಶಾಲೆ, ಎಲ್ಲವೂ ಇದೆ.

ನಾನು ಮೊದಲು ಹೋದದ್ದು ಬುಕಿತ್ ಮೇರಾ ಕಡೆಯ ಒಂದು ಹಳೆಯ ಬ್ಲಾಕಿಗೆ. ಹನ್ನೊಂದನೇ ಮಹಡಿಯಲ್ಲಿ ಲಿಫ್ಟಿನಿಂದ ಹೊರಗೆ ಬಂದರೆ ಉದ್ದನೆಯ ಕಾರಿಡಾರ್, ಸಾಲು ಸಾಲು ಬಾಗಿಲು, ಪ್ರತಿ ಬಾಗಿಲಿಗೂ ಕಬ್ಬಿಣದ ಗೇಟು. ಗೇಟಿನ ಹೊರಗೆ ಚಪ್ಪಲಿ. ಚಪ್ಪಲಿ ಇದೆ ಎಂದರೆ ಒಳಗೆ ಜನ ಇದ್ದಾರೆ, ಆದರೆ ಬಾಗಿಲು ತೆರೆಯುತ್ತಿರಲಿಲ್ಲ. ನಾಲ್ಕು ಮಂದಿ ಸ್ವಯಂಸೇವಕರು, ಎಲ್ಲರ ಕೈಯಲ್ಲೂ ಐದು ಕಿಲೋ ಅಕ್ಕಿಯ ಚೀಲ. ಕೊನೆಗೆ ಒಂದು ಬಾಗಿಲು ತೆರೆಯಿತು. ಮಲಯ ಹೆಂಗಸು, ವಯಸ್ಸು ಅರವತ್ತರ ಆಸುಪಾಸು. ಅಕ್ಕಿ ಚೀಲ ನೋಡಿ ನಕ್ಕು, ಗೇಟು ತೆಗೆದು ಒಳಗೆ ಕರೆದು ತೋರಿಸಿದರು. ಅಡುಗೆಮನೆಯ ಗೋಡೆಗೆ ಒತ್ತಿ ಏಳು ಚೀಲ ಅಕ್ಕಿ, ಎರಡಕ್ಕೆ ಆಗಲೇ ಹುಳ ಬಿದ್ದಿತ್ತು. ಪಕ್ಕದಲ್ಲಿ ಬಿಸಿನೀರು ಹಾಕಿ ತಿನ್ನುವ ನೂಡಲ್ಸ್ ಪೊಟ್ಟಣಗಳ ರಾಶಿ. ಹಬ್ಬದ ತಿಂಗಳಾದ್ದರಿಂದ ಒಂದರ ಹಿಂದೆ ಒಂದು ತಂಡ ಬಂದು ಕೊಟ್ಟು ಹೋಗಿತ್ತು. ಆಕೆಗೆ ಸಕ್ಕರೆ ಕಾಯಿಲೆ, ಗಂಡನಿಗೆ ರಕ್ತದೊತ್ತಡ. ಉಪ್ಪು ತುಂಬಿದ ನೂಡಲ್ಸ್ ಆ ಮನೆಗೆ ಬರಲೇಬಾರದಾಗಿತ್ತು. ಏನು ಬೇಕು ಎಂದು ಅಷ್ಟೂ ತಂಡಗಳಲ್ಲಿ ಒಬ್ಬರೂ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಆ ದಿನ ಆಕೆಗೆ ಬೇಕಾಗಿದ್ದದ್ದು ಬಚ್ಚಲಿನ ಬಲ್ಬು ಬದಲಾಯಿಸುವ ಎತ್ತರದ ಮನುಷ್ಯ. ನಮ್ಮಲ್ಲೊಬ್ಬ ಹುಡುಗ ಕುರ್ಚಿ ಹತ್ತಿ ಹಾಕಿಕೊಟ್ಟ. ಮುಂದಿನ ಸಲ ಹೋದಾಗ ಅದೇ ಸಾಲಿನಲ್ಲಿ ಮೂರು ಬಾಗಿಲು ತೆರೆದವು.

ಆಕೆಯನ್ನು ನಾನು ಮಕ್ಚಿಕ್ ಎನ್ನುತ್ತೇನೆ. ಮಲಯ ಭಾಷೆಯಲ್ಲಿ ಚಿಕ್ಕಮ್ಮ, ಅತ್ತೆ ಎಂಬ ಅರ್ಥ. ಗುರುತಿಲ್ಲದವರನ್ನೂ ಇಲ್ಲಿ ಹೀಗೆ ನಂಟಿನ ಹೆಸರಿನಿಂದ ಕರೆಯುವುದು ನಮ್ಮ ಕಡೆಯಂತೆಯೇ ಇದೆ, ನನಗೆ ಅದರಿಂದ ಎಷ್ಟೋ ಧೈರ್ಯ ಬಂತು. ಒಮ್ಮೆ ಊರಿನಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಸಣ್ಣ ಡಬ್ಬಿಯಲ್ಲಿ ಕೊಟ್ಟಿದ್ದೆ. ಡಬ್ಬಿ ವಾಪಸ್ ಬಂದಾಗ ಅದರಲ್ಲಿ ತೆಂಗಿನಕಾಯಿ ಮತ್ತು ಬೆಲ್ಲದ ಸಿಹಿ ಇತ್ತು. ಕೊಟ್ಟ ಪಾತ್ರೆಯನ್ನು ಬರಿದು ಮಾಡಿ ಕಳಿಸಬಾರದು ಎಂದು ಅಮ್ಮ ಹೇಳುತ್ತಿದ್ದಳು. ಆ ಮಾತು ಗೊತ್ತಿರುವ ಮನೆಗೆ ಕೇವಲ ಪಡೆಯುವವರ ಜಾಗ ಕೊಟ್ಟು ಕೂರಿಸುವುದು ಎಷ್ಟು ದೊಡ್ಡ ತಪ್ಪು ಎಂದು ನನಗೆ ಆವತ್ತು ನಿಜಕ್ಕೂ ನೋವಾಯಿತು.

ಅದೇ ಮಹಡಿಯ ಕೊನೆಯಲ್ಲಿ ಒಬ್ಬ ಚೀನೀ ಅಜ್ಜಿ. 1961ರ ಬೆಂಕಿಯಾದಾಗ ಆಕೆಗೆ ಹತ್ತು ವರ್ಷ. ನನಗೆ ಆಕೆಯ ಚೀನೀ ಮಾತು ಹೊಕ್ಕಿಯೆನ್ ಬಾರದು, ಆಕೆಗೆ ಇಂಗ್ಲಿಷ್ ಬಾರದು. ಪಕ್ಕದ ಮನೆಯ ಹುಡುಗ ನಡುವೆ ಕುಳಿತು ಎರಡೂ ಕಡೆ ಹೇಳುತ್ತಿದ್ದ. ಮೂರು ತಿಂಗಳು ಬರಿಯ ಚಹಾ, ಹವಾಮಾನದ ಮಾತು. ನಾಲ್ಕನೇ ತಿಂಗಳು ಆಕೆ ಮಂಚದ ಅಡಿಯಿಂದ ಒಂದು ಕೆಂಪು ಪ್ಲಾಸ್ಟಿಕ್ ಚೀಲ ಎಳೆದರು. ಒಳಗೆ ಕಾಗದಗಳು. ಒಂದನ್ನೂ ಒಡೆದಿರಲಿಲ್ಲ. ಎರಡು ವರ್ಷದ ಅಂಚೆ ಇರಬೇಕು. ಕಾಗದ ಬಂದರೆ ಕೆಟ್ಟ ಸುದ್ದಿಯೇ ಇರುತ್ತದೆ, ಮನೆ ಬಿಡಿಸುತ್ತಾರೆ ಎಂಬ ಭಯ. ನೆಲದ ಮೇಲೆ ಕುಳಿತು ಒಂದೊಂದೇ ಒಡೆದೆವು. ಬಹಳಷ್ಟು ಜಾಹೀರಾತು. ಎರಡು, ಕಣ್ಣಿನ ಪೊರೆಯ ಪರೀಕ್ಷೆಗೆ ಬರಲು ಆಸ್ಪತ್ರೆ ಕೊಟ್ಟಿದ್ದ ದಿನಾಂಕಗಳು, ಎರಡೂ ದಾಟಿ ಹೋಗಿದ್ದವು. ಒಂದು, ಸರ್ಕಾರದಿಂದ ಬರುವ ಸಹಾಯಧನದ ತಿಳಿವಳಿಕೆ. ಮನೆ ಬಿಡಿ ಎನ್ನುವ ಕಾಗದ ಒಂದೂ ಇರಲಿಲ್ಲ. ಎರಡು ವರ್ಷ ಆಕೆ ಇಲ್ಲದ ಕಾಗದಕ್ಕೆ ಹೆದರಿಕೊಂಡು ಮಲಗಿದ್ದರು. ನನ್ನ ಬೆರಳು ಒಂದೊಂದೇ ಸಾಲಿನ ಕೆಳಗೆ ಸರಿಯುತ್ತಿದ್ದುದನ್ನು ನಾನೇ ನೋಡಿದೆ, ಅಪ್ಪಯ್ಯನ ಬೆರಳಿನಂತೆಯೇ.

ಇನ್ನೊಂದು ಮನೆ ಹೇಳಲೇಬೇಕು. ಎರಡು ಕೋಣೆ, ಒಬ್ಬಳು ತಾಯಿ, ಮೂರು ಮಕ್ಕಳು. ತಾಯಿ ರಾತ್ರಿ ಪಾಳಿಯಲ್ಲಿ ಶುಚಿಗೊಳಿಸುವ ಕೆಲಸಕ್ಕೆ ಹೋಗಿ ಬೆಳಿಗ್ಗೆ ಏಳೂವರೆಗೆ ಬರುತ್ತಾಳೆ. ಅವರದ್ದು ಮುಂಗಡ ದುಡ್ಡು ಹಾಕಿದಷ್ಟೇ ಕರೆಂಟು ಕೊಡುವ ಮೀಟರ್. ಹಿಂದೆ ಬಿಲ್ಲು ಬಾಕಿ ಬಿದ್ದ ಮನೆಗಳಿಗೆ ಅದನ್ನು ಹಾಕುತ್ತಾರೆ. ಸಂಜೆ ಉಳಿದ ಮೊತ್ತ ನೋಡಿ ಫ್ಯಾನ್ ಹಾಕಬೇಕೋ ಬೇಡವೋ ಎಂದು ದೊಡ್ಡ ಮಗಳು ತೀರ್ಮಾನಿಸುತ್ತಾಳೆ. ಅವಳಿಗೆ ಹನ್ನೊಂದು ವರ್ಷ. ಕೊನೆಯ ಮಗನಿಗೆ ಬಾಲವಾಡಿಯಲ್ಲಿ ಶುಲ್ಕ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಷ್ಟು ರಿಯಾಯಿತಿ ಇತ್ತು, ಆದರೂ ಮಗು ವಾರಕ್ಕೆ ಎರಡೇ ದಿನ ಹೋಗುತ್ತಿತ್ತು. ತಾಯಿಗೆ ಕಾಳಜಿ ಇಲ್ಲ ಎಂದು ನಮ್ಮಲ್ಲೇ ಕೆಲವರು ಹೇಳಿಬಿಟ್ಟಿದ್ದರು. ನನಗೆ ಆ ಮಾತು ಇವತ್ತಿಗೂ ಸಹಿಸಲಾಗುವುದಿಲ್ಲ. ಬಾಲವಾಡಿಯ ಬಾಗಿಲು ತೆರೆಯುವ ಹೊತ್ತಿಗೆ ಆಕೆ ಬಸ್ಸಿನಲ್ಲಿ ಇರುತ್ತಾಳೆ, ಮನೆ ಮುಟ್ಟಿದ ಮೇಲೆ ನಿಲ್ಲಲು ಕಾಲಿನಲ್ಲಿ ಶಕ್ತಿ ಇರುವುದಿಲ್ಲ, ಅಷ್ಟೇ. ಪರಿಹಾರ ಬಂದದ್ದು ಯಾವ ಯೋಜನೆಯಿಂದಲೂ ಅಲ್ಲ. ಮಕ್ಚಿಕ್ ದಿನಾ ಬೆಳಿಗ್ಗೆ ಮಾರುಕಟ್ಟೆಗೆ ಹೋಗುವ ದಾರಿಯಲ್ಲೇ ಬಾಲವಾಡಿ. ಈಗ ಆ ಮಗುವಿನ ಜೊತೆ ಇನ್ನೂ ಮೂರು ಮಕ್ಕಳು ಅವರ ಹಿಂದೆ ನಡೆಯುತ್ತವೆ. ನಾವು ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹೊದ್ದು, ದೊಡ್ಡ ಮಕ್ಕಳ ಬೆನ್ನು ಹಿಡಿದು ಹಳ್ಳ ದಾಟಿ ಶಾಲೆಗೆ ಹೋಗುತ್ತಿದ್ದ ಹಾಗೆ.

ಬಾಗಿಲಿಗೆ ನಾವೇ ಹೋಗಬೇಕು ಎಂಬುದನ್ನು ಇಲ್ಲಿಯ ಸರ್ಕಾರವೂ ಕಂಡುಕೊಂಡಿದೆ. ಕಾಮ್‌ಕೇರ್ ಎಂಬ ನೆರವಿನ ನಿಧಿ 2005ರಿಂದ ಇತ್ತು, ಆದರೆ ಕಷ್ಟದಲ್ಲಿರುವವರೇ ಕಚೇರಿಗೆ ಬಂದು ಕೇಳಬೇಕಿತ್ತು. 2019ರಲ್ಲಿ ಮಕ್ಕಳಿರುವ ಬಾಡಿಗೆ ಮನೆಗಳಿಗೇ ಹೋಗುವ ಕಾಮ್‌ಲಿಂಕ್ ಶುರುವಾಯಿತು, ಮುಂದೆ ಅದೇ ಕಾಮ್‌ಲಿಂಕ್ ಪ್ಲಸ್ ಆಯಿತು. ಒಂದು ಕುಟುಂಬಕ್ಕೆ ಒಬ್ಬರೇ ಕಾರ್ಯಕರ್ತರು; ಪ್ರತಿ ಸಲ ಹೊಸ ಮುಖದ ಮುಂದೆ ತಮ್ಮ ಕಷ್ಟವನ್ನು ಮೊದಲಿನಿಂದ ಹೇಳಿಕೊಳ್ಳಬೇಕಾಗಿಲ್ಲ. ಹೇಳಿಕೊಳ್ಳುವುದೇ ಎಷ್ಟು ಆಯಾಸ ಎಂಬುದು ಹೇಳಿಕೊಂಡವರಿಗೇ ಗೊತ್ತು. ಬಹಳಷ್ಟು ಬ್ಲಾಕುಗಳ ನೆಲಮಹಡಿಯನ್ನು ಮನೆಗಳಿಲ್ಲದೆ ಖಾಲಿ ಬಿಟ್ಟಿರುತ್ತಾರೆ, ಅದನ್ನು ವಾಯ್ಡ್ ಡೆಕ್ ಎನ್ನುತ್ತಾರೆ. ಮಲಯರ ಮದುವೆಯೂ ಅಲ್ಲೇ, ಚೀನೀಯರ ಸಾವಿನ ವಿಧಿಯೂ ಅಲ್ಲೇ. ಅದನ್ನು ಜಗಲಿ ಎಂದು ಮನಸ್ಸಿನಲ್ಲಿ ಕರೆದುಕೊಂಡಿದ್ದೇನೆ. ಆದರೂ ಹನ್ನೊಂದನೇ ಮಹಡಿಯ ಅಜ್ಜಿ ಅಲ್ಲಿಗೆ ಇಳಿದು ಬರಬೇಕಾದರೆ ಮೊದಲು ಯಾರಾದರೂ ಮೇಲೆ ಹತ್ತಿ ಹೋಗಬೇಕು.

ಕಳೆದ ಸಲ ಊರಿಗೆ ಬಂದಾಗ ಶಿವಮೊಗ್ಗದ ಅತ್ತಿಗೆಯ ಮನೆಯಲ್ಲಿ ನಾಲ್ಕು ದಿನ ಇದ್ದೆ. ನಗರದ ಹೊರಗೆ ಗೋವಿಂದಾಪುರದ ಕಡೆ ಆಶ್ರಯ ಯೋಜನೆಯ ಮಹಡಿ ಮನೆಗಳು ಎದ್ದಿವೆ. ಅತ್ತಿಗೆಯ ಹತ್ತಿರ ಹೊಲಿಗೆ ಕಲಿತ ಹುಡುಗಿಯೊಬ್ಬಳು ಅಲ್ಲಿಗೆ ಹೋಗಿದ್ದಳು, ನೋಡಿ ಬರೋಣ ಎಂದು ಹೊರಟೆವು. ವರ್ಷಗಟ್ಟಲೆ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆ ಹೊತ್ತವಳಿಗೆ ಸ್ವಂತ ಬಾಗಿಲು. ಹೊಸ್ತಿಲಿಗೆ ಅರಿಸಿನ ಕುಂಕುಮ, ಒಳಗೆ ಹೊಸ ಬಣ್ಣದ ವಾಸನೆ. ಅವಳ ಮುಖ ನೋಡಿ ನನಗೆ ಕಣ್ಣು ತುಂಬಿತು. ಅವಳ ಅತ್ತೆ ಮಾತ್ರ ಕಿಟಕಿಯ ಬಳಿ ಸುಮ್ಮನೆ ಕುಳಿತಿದ್ದರು. ಹಳೆಯ ಕೇರಿಯಲ್ಲಿ ಅವರು ದಿನವಿಡೀ ಕೂರುತ್ತಿದ್ದದ್ದು ಬಾಗಿಲ ಮೆಟ್ಟಿಲ ಮೇಲೆ. ಎರಡನೇ ಮಹಡಿಯಲ್ಲಿ ಆ ಮೆಟ್ಟಿಲು ಇಲ್ಲ, ಮಂಡಿನೋವಿನಿಂದ ಕೆಳಗೆ ಇಳಿಯಲು ಆಗದು. ಹೊರಡುವಾಗ ಅವರು ಬಿಸ್ಕತ್ತಿನ ತಗಡಿನ ಡಬ್ಬಿ ತೆಗೆದು ಅತ್ತಿಗೆಯ ಮುಂದಿಟ್ಟರು. ಬ್ಯಾಂಕಿನ ಪುಸ್ತಕ, ಆಧಾರ್, ರೇಷನ್ ಕಾರ್ಡು, ಮಡಿಸಿದ ಕಾಗದಗಳು. ಗೃಹಲಕ್ಷ್ಮಿಯ ಎರಡು ಸಾವಿರ ಐದು ತಿಂಗಳಿಂದ ಬಂದಿರಲಿಲ್ಲ. ಖಾತೆಗೆ ಆಧಾರ್ ಜೋಡಣೆ ಸರಿಯಾಗಿರಲಿಲ್ಲ, ಅಷ್ಟೇ. ಕೇಳಲು ಯಾರನ್ನು ಕೇಳಬೇಕೆಂದು ಅವರಿಗೆ ತಿಳಿದಿರಲಿಲ್ಲ. ಹಳೆಯ ಕೇರಿಯಲ್ಲಿದ್ದಿದ್ದರೆ ಮೆಟ್ಟಿಲ ಮುಂದೆ ಹಾದು ಹೋಗುವ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೂಗಿ ಕೇಳುತ್ತಿದ್ದರು.

ಆ ಡಬ್ಬಿ ನೋಡಿದಾಗ ನನಗೆ ಕಂಡದ್ದು ಮಂಚದ ಅಡಿಯ ಕೆಂಪು ಚೀಲ.

ರಾತ್ರಿ ಊಟವಾದ ಮೇಲೆ ಅತ್ತಿಗೆ ಕೇಳಿದರು, "ನೀವು ಅಲ್ಲಿ ಹೇಗೆ ಮಾಡುತ್ತೀರಿ, ನನಗೆ ಬರೆದು ಕೊಡು ಮಾರಾಯ್ತಿ." ನಮ್ಮದು ಒಂದು ಸಾದಾ ಪುಸ್ತಕ, ಅಷ್ಟೇ. ಪ್ರತಿ ಬಾಗಿಲಿಗೆ ಒಂದು ಪುಟ. ಮೊದಲ ಸಾಲಿನಲ್ಲಿ ಆದಾಯವನ್ನಾಗಲಿ ಜಾತಿ ಭಾಷೆಯನ್ನಾಗಲಿ ಬರೆಯುವುದಿಲ್ಲ, ಯಾವ ಹೊತ್ತಿಗೆ ಹೋದರೆ ಅವರಿಗೆ ತೊಂದರೆಯಾಗುವುದಿಲ್ಲ ಎಂದು ಬರೆಯುತ್ತೇವೆ. ಎರಡನೆಯದು, ಅವರು ತಾವಾಗಿಯೇ ಕೇಳಿದ್ದೇನು. ಮೂರನೆಯದು, ಅವರಿಂದ ಬೇರೆಯವರಿಗೆ ಆಗಬಹುದಾದ ಸಹಾಯವೇನು. ಈ ಮೂರನೆಯ ಸಾಲನ್ನು ಮಕ್ಚಿಕ್ ದೆಸೆಯಿಂದ ಸೇರಿಸಿದ್ದು. ಹೋಗುತ್ತೇನೆ ಎಂದ ದಿನ ತಪ್ಪಿಸಬಾರದು, ಫೋಟೊ ತೆಗೆಯಬಾರದು. ಇಷ್ಟನ್ನು ಹಾಳೆಯಲ್ಲಿ ಬರೆದುಕೊಟ್ಟು ಬಂದೆ.

ಮೊನ್ನೆ ಅತ್ತಿಗೆ ಮೊಬೈಲಿಗೆ ಒಂದು ಚಿತ್ರ ಕಳಿಸಿದರು. ಜನರದ್ದಲ್ಲ, ಪುಸ್ತಕದ ಪುಟದ್ದು. ಅವರೂ ಹೊಲಿಗೆ ತರಗತಿಯ ಇಬ್ಬರು ಹೆಂಗಸರೂ ಭಾನುವಾರ ಹನ್ನೆರಡು ಮನೆಗೆ ಹೋಗುತ್ತಿದ್ದಾರೆ. ಡಬ್ಬಿಯ ಅಜ್ಜಿಗೆ ನಿಂತ ಹಣ ಮತ್ತೆ ಬರತೊಡಗಿದೆ; ಮೂರನೆಯ ಸಾಲಿನಲ್ಲಿ ಅವರ ಹೆಸರಿನ ಮುಂದೆ "ಬಾಣಂತಿಗೆ ಎಣ್ಣೆನೀರು ಹಾಕುವುದು ಚೆನ್ನಾಗಿ ಗೊತ್ತು, ಮೇಲಿನ ಮನೆಗೆ ಹೇಳಿದ್ದೇವೆ" ಎಂದಿದೆ. ಮೊದಲ ಸಾಲಿನಲ್ಲಿ ಒಂಬತ್ತು ಮನೆಗಳಿಗೆ ಅತ್ತಿಗೆ ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ: "ಕಾರ್ತೀಕದಿಂದ ಅಡಿಕೆ ಸುಲಿಯಲು ಹೋಗುತ್ತಾರೆ. ರಾತ್ರಿ ಎಂಟರ ಮೇಲೆ ಬರಬೇಕು."