ಮೂರು ನಿಮಿಷದ ಓಕುಳಿ

ಮೈಸೂರಿನ ಕುವೆಂಪುನಗರದ ನಮ್ಮನೆಯಲ್ಲಿ ರಾತ್ರಿ ಊಟ ಆದ ಮೇಲೆ ನಾನು, ಅಕ್ಕನ ಮಗ ಇಬ್ಬರೂ ಸ್ಪ್ಲಟೂನ್ 3 ಅನ್ನುವ ವಿಡಿಯೋ ಗೇಮ್ ಆಡುತ್ತೇವೆ. ಗೇಮ್ ಆಡುವ ಸ್ವಿಚ್ ಯಂತ್ರ ಒಂದೇ ಇರುವುದರಿಂದ ಸರದಿ ಪ್ರಕಾರ ಆಟ. ನಿಂಟೆಂಡೊ ಇದನ್ನು ತಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಗನ್ ಹಿಡಿಯುವ ಆಟ ಅಂದರೆ ಅಕ್ಕನಿಗೆ ಆಗುವುದಿಲ್ಲ, ಆದರೆ ಇದರಲ್ಲಿ ರಕ್ತ ಇಲ್ಲ, ಬರೀ ಬಣ್ಣ, ಓಕುಳಿ ಆಡಿದ ಹಾಗೆ ಇದೆಯಲ್ಲ ಅಂತ ಅವಳೇ ಒಪ್ಪಿಕೊಂಡಳು.

ಇದರಲ್ಲಿ ನನಗೆ ತುಂಬಾ ಇಷ್ಟ ಟರ್ಫ್ ವಾರ್ ಅನ್ನುವ ಪಂದ್ಯ. ಒಂದೊಂದು ತಂಡದಲ್ಲಿ 4 ಜನ, ಸಮಯ 3 ನಿಮಿಷ. ಎಷ್ಟು ಜನರನ್ನು ಹೊಡೆದೆ ಅನ್ನುವುದರಿಂದ ಗೆಲುವು ಬರುವುದಿಲ್ಲ, ಕೊನೆಗೆ ನೆಲದ ಮೇಲೆ ಯಾರ ಬಣ್ಣ ಜಾಸ್ತಿ ಇದೆ ಅನ್ನುವುದಷ್ಟೇ ಲೆಕ್ಕ. ಹಾಗಾಗಿ ಗುರಿ ಅಷ್ಟಾಗಿ ಇಲ್ಲದವರೂ ಸುಮ್ನೆ ಮೂಲೆ ಮೂಲೆ ಬಳಿಯುತ್ತಾ ತಂಡಕ್ಕೆ ನೆರವಾಗಬಹುದು. ಎಷ್ಟು ಒಳ್ಳೆಯ ಯೋಚನೆ, ಅಲ್ವಾ? ಬಳಿದ ಬಣ್ಣವೇ ದಾರಿ ಕೂಡ: ನಮ್ಮ ಪಾತ್ರ ಸ್ಕ್ವಿಡ್ ಅನ್ನುವ ಕಡಲಜೀವಿಯಾಗಿ ಅದರೊಳಗೆ ಮುಳುಗಿದರೆ ವೇಗವಾಗಿ ಈಜಬಹುದು, ಅಡಗಬಹುದು, ಖಾಲಿಯಾದ ಇಂಕ್, ಅಂದರೆ ಎರಚುವ ಬಣ್ಣ, ಬೇಗ ತುಂಬುತ್ತದೆ. ಎದುರಾಳಿಯ ಬಣ್ಣದಲ್ಲಿ ಕಾಲಿಟ್ಟರೆ ನಡೆಯುವುದೇ ಕಷ್ಟ.

"ಮಾಮ, ಮುಂದಕ್ಕೆ ಓಡಬೇಡ, ಮೊದಲು ನಮ್ಮ ಬದಿ ಬಳಿ" ಅಂತ ಅವನು ಪಕ್ಕದಲ್ಲಿ ಕೂತು ಹೇಳುತ್ತಿರುತ್ತಾನೆ. ಸರಿಯಾದ ಮಾತೇ. ಕೊನೆಯ ನಿಮಿಷಕ್ಕೆ ಸಂಗೀತ ಬದಲಾಗುತ್ತದೆ, ಆಗ ಇಬ್ಬರ ಎದೆಯೂ ಹೊಡೆದುಕೊಳ್ಳುತ್ತದೆ, ಸೋಲುತ್ತಿದ್ದ ಪಂದ್ಯ ಆ ಒಂದು ನಿಮಿಷದಲ್ಲೇ ತಿರುಗಿದ್ದನ್ನು ಎಷ್ಟೋ ಸಲ ನೋಡಿದ್ದೇವೆ. ಆಮೇಲೆ ಜಡ್ ಅನ್ನುವ ದಪ್ಪ ಬೆಕ್ಕು ಬಾವುಟ ಎತ್ತಿ ತೀರ್ಪು ಕೊಡುತ್ತದೆ. ನಿನ್ನೆ ನಮ್ಮ ಹಳದಿಯೇ ಗೆದ್ದಿತು, ಅವನು ಸೋಫಾದಿಂದ ಜಿಗಿದ ಸದ್ದಿಗೆ ಅಕ್ಕ ಅಡುಗೆಮನೆಯಿಂದ ಓಡಿ ಬಂದಳು.