ಲಾಂಗ್ ಟರ್ಮ್ ಸೇರುವ ಮುಂಚೆ ಹಳೇ ಪೇಪರ್ ತೆಗೀರಿ

ಎಂಬಿಬಿಎಸ್ ಸೀಟು ಸಿಕ್ಕಿದ್ದೇ ತಡ, ನಮ್ಮ ಕಡೆಯವರಿಗೆಲ್ಲ ನಾನು ನೀಟ್ ಸಲಹೆಗಾರ್ತಿ ಆಗಿಬಿಟ್ಟಿದ್ದೇನೆ. 'ನಮ್ಮ ಹುಡುಗಂಗೆ ಇಷ್ಟು ಬಂದಿದೆ ಕಣಮ್ಮ, ಲಾಂಗ್ ಟರ್ಮ್‌ಗೆ ಹಾಕ್ಬೋದಾ?' ಅಂತ ಫೋನ್ ಬರುತ್ತದೆ. ಲಾಂಗ್ ಟರ್ಮ್ ಅಂದರೆ ಪಿಯುಸಿ ಮುಗಿದ ಮೇಲೆ ಒಂದು ವರ್ಷ ಕೋಚಿಂಗ್‌ನಲ್ಲಿ ಕೂತು ನೀಟ್ ಮತ್ತೆ ಬರೆಯುವುದು. ಎಲ್ಲರೂ ಹೇಳುವುದು ಮಾರ್ಕ್ಸ್ ಮಾತ್ರ. ನಾನು ಕೇಳುವುದು ಪ್ರಶ್ನೆಪತ್ರಿಕೆ. ಮನೇಲಿ ಇದೆಯಾ, ಎಸೆದುಬಿಟ್ರಾ? ಅರ್ಧಕ್ಕರ್ಧ ಜನ ಎಸೆದಿರುತ್ತಾರೆ. ಸಿಟ್ಟಲ್ಲಿ ಹರಿದು ಹಾಕಿದವರೂ ಇದ್ದಾರೆ.

ನನಗೆ ಈ ಬುದ್ಧಿ ಹೇಳಿದ್ದು ಪಿಯು ಕಾಲೇಜಿನ ನಮ್ಮ ಫಿಸಿಕ್ಸ್ ಸರ್. ಅದಕ್ಕೂ ಮುಂಚೆ 2024ರ ಬೇಸಿಗೆ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು.

ಆ ವರ್ಷ ನೀಟ್ ಫಲಿತಾಂಶ ಬರಬೇಕಿದ್ದುದು ಜೂನ್ 14ಕ್ಕೆ. ಬಂದಿದ್ದು ಜೂನ್ 4ಕ್ಕೆ, ಲೋಕಸಭಾ ಚುನಾವಣೆಯ ಮತ ಎಣಿಕೆ ನಡೆದ ದಿನವೇ. ಅರಸೀಕೆರೆಯ ನಮ್ಮ ಮನೆಯಲ್ಲಿ ಅಪ್ಪ, ದೊಡ್ಡಪ್ಪ ಎಲ್ಲ ಟಿವಿ ಮುಂದೆ ಕೂತು ಯಾರು ಎಷ್ಟು ಲೀಡ್ ಅಂತ ಜಗಳ ಆಡುತ್ತಿದ್ದರು. ನಾನು ಒಳಗಿನ ಕೋಣೆಯಲ್ಲಿ ಫೋನ್ ಹಿಡಿದು ಕೂತಿದ್ದೆ. 543 ಅಂತ ತೋರಿಸಿತು. ಹಿಂದಿನ ವರ್ಷಗಳ ಲೆಕ್ಕದಲ್ಲಿ ಅದು ತೀರಾ ಕೆಟ್ಟ ಮಾರ್ಕ್ಸ್ ಏನಲ್ಲ. ಆದರೆ ಆ ವರ್ಷ 720ಕ್ಕೆ 720 ತೆಗೆದವರೇ 67 ಜನ! ನನ್ನ ರ‍್ಯಾಂಕ್ ಒಂದೂವರೆ ಲಕ್ಷ ದಾಟಿತ್ತು. ಎಂಬಿಬಿಎಸ್ ಸೀಟು ಸಿಗಲ್ಲ ಅಂತ ಆಗಲೇ ಗೊತ್ತಾಗಿಹೋಯಿತು.

ಗೊತ್ತಾದರೂ ತೀರ್ಮಾನ ಮಾಡುವ ಹಾಗಿರಲಿಲ್ಲ. ಪೇಪರ್ ಲೀಕ್ ಆಗಿದೆ, ಮರುಪರೀಕ್ಷೆ ಆಗುತ್ತೆ, ಆಗಲ್ಲ ಅಂತ ದಿನಕ್ಕೊಂದು ಸುದ್ದಿ. ಓದಬೇಕಾ ಬಿಡಬೇಕಾ ಅಂತ ತಿಳಿಯದೆ ಪುಸ್ತಕ ತೆರೆಯುವುದು, ಮುಚ್ಚುವುದು, ಇಷ್ಟೇ ಕೆಲಸ. ಜುಲೈ 23ಕ್ಕೆ ಸುಪ್ರೀಂ ಕೋರ್ಟ್ ಇಡೀ ಪರೀಕ್ಷೆ ರದ್ದು ಮಾಡಲ್ಲ ಅಂದಿತು. 26ಕ್ಕೆ ಪರಿಷ್ಕೃತ ಫಲಿತಾಂಶ ಬಂದು ನನ್ನ 543, 538 ಆಯಿತು.

ಆ ಐದು ಮಾರ್ಕ್ಸ್ ಕಥೆ ಕೇಳಿ. ಫಿಸಿಕ್ಸ್‌ನಲ್ಲಿ ಪರಮಾಣು ಬಗ್ಗೆ ಎರಡು ಹೇಳಿಕೆ ಕೊಟ್ಟಿದ್ದರು. ಎರಡನೆಯದು ಪ್ರತಿ ಧಾತುವಿನ ಪರಮಾಣುಗಳೂ ಸ್ಥಿರ ಅನ್ನುವ ಅರ್ಥದ್ದು. ಹಳೇ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಹಾಗೇ ಇತ್ತು. ಹೊಸದರಲ್ಲಿ 'ಬಹುತೇಕ ಧಾತುಗಳ' ಅಂತ ತಿದ್ದಿದ್ದರು. ಮೊದಲು ಪರೀಕ್ಷೆ ನಡೆಸುವ ಎನ್‌ಟಿಎ ಎರಡೂ ಉತ್ತರಕ್ಕೆ ಮಾರ್ಕ್ಸ್ ಕೊಟ್ಟಿತ್ತು. ಕೋರ್ಟ್ ಐಐಟಿ ದೆಹಲಿಯ ತಜ್ಞರನ್ನು ಕೇಳಿದಾಗ ಸರಿ ಉತ್ತರ ಒಂದೇ ಅಂದರು. ನಾನು ಓದಿದ್ದು ಅಕ್ಕನ ಹಳೇ ಪುಸ್ತಕ. ನಾಲ್ಕು ಮಾರ್ಕ್ಸ್ ಹೋಯಿತು, ಮೇಲೊಂದು ದಂಡ. ರೇಡಿಯೋಆಕ್ಟಿವ್ ಧಾತುಗಳ ಬಗ್ಗೆ ಅದೇ ಪುಸ್ತಕದ ಮುಂದಿನ ಪಾಠದಲ್ಲೇ ಇದೆ, ಯೋಚನೆ ಮಾಡಿದ್ದರೆ ಹೊಳೆಯುತ್ತಿತ್ತು ಅಂತ ಸರ್ ವಾದ. ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಪುಸ್ತಕದ ಸಾಲನ್ನು ಹಾಗ್ಹಾಗೇ ಕಲಿಯಿರಿ ಅಂತ ಎರಡು ವರ್ಷ ಹೇಳಿ, ಆಮೇಲೆ ಯಾಕೆ ಯೋಚಿಸಲಿಲ್ಲ ಅಂದರೆ ಹೇಗೆ?

ಅದೇ ವಾರ ಸರ್ ಮನೆಗೆ ಕರೆಸಿಕೊಂಡರು. ಬರುವಾಗ ಪ್ರಶ್ನೆಪತ್ರಿಕೆ, ಓಎಂಆರ್ (ಉತ್ತರಕ್ಕೆ ಗುಂಡು ತುಂಬುವ ಹಾಳೆ) ಪ್ರಿಂಟು, ಉತ್ತರದ ಕೀ ಮೂರನ್ನೂ ತಾ ಅಂದಿದ್ದರು. ಅಪ್ಪನೂ ಜೊತೆಗೆ ಬಂದರು. ಊಟದ ಮೇಜಿನ ಮೇಲೆ ಎಲ್ಲ ಹರಡಿ ಮೂರು ಬಣ್ಣದ ಪೆನ್ ಕೊಟ್ಟರು. 'ತಪ್ಪಾಗಿರೋ ಒಂದೊಂದನ್ನೂ ನೋಡು. ಏನೂ ಗೊತ್ತಿರಲಿಲ್ಲ ಅಂದ್ರೆ ಕೆಂಪು. ಎರಡು ಆಪ್ಷನ್ ಮಧ್ಯೆ ಒದ್ದಾಡಿ ತಪ್ಪು ಹಾಕಿದ್ರೆ ನೀಲಿ. ಗೊತ್ತಿದ್ದೂ ತಪ್ಪು ಮಾಡಿದ್ರೆ ಹಸಿರು. ಸುಳ್ಳು ಹೇಳ್ಬೇಡ.'

ಸುಳ್ಳು ಹೇಳುವುದು ತುಂಬಾ ಸುಲಭ ಅಂತ ಐದನೇ ಪ್ರಶ್ನೆಗೇ ಗೊತ್ತಾಯಿತು. ಉತ್ತರ ಕಣ್ಣ ಮುಂದೆ ಇದ್ದಾಗ ಎಲ್ಲವೂ 'ಅಯ್ಯೋ, ಇದು ನಂಗೊತ್ತಿತ್ತು' ಅನ್ನಿಸುತ್ತದೆ. ಅದಕ್ಕೆ ಸರ್ ಕೀ ಮುಚ್ಚಿಟ್ಟು, ಈಗ ಮಾಡಿ ತೋರಿಸು ಅನ್ನುತ್ತಿದ್ದರು. ಮಾಡಿ ತೋರಿಸಿದರೆ ಮಾತ್ರ ಹಸಿರು.

ಕೊನೆಗೆ ತಪ್ಪಾಗಿದ್ದು 34, ಖಾಲಿ ಬಿಟ್ಟಿದ್ದು 3. ಅದರಲ್ಲಿ ಕೆಂಪು ಬರೀ 8. ನೀಲಿ 11. ಹಸಿರು 14. ಪರಮಾಣು ಪ್ರಶ್ನೆಗೆ ಸರ್ ಯಾವ ಬಣ್ಣವನ್ನೂ ಹಾಕಲಿಲ್ಲ, ನಕ್ಕು ಮುಂದೆ ಹೋದರು.

ಹಸಿರಿನಲ್ಲಿ ಏನೇನಿತ್ತು ಗೊತ್ತಾ? 'ತಪ್ಪು ಹೇಳಿಕೆ ಯಾವುದು' ಅಂದಿದ್ದನ್ನು 'ಸರಿ' ಅಂತ ಓದಿಕೊಂಡು ಮೊದಲು ಕಂಡ ಸರಿ ಹೇಳಿಕೆಗೆ ಗುಂಡು ಹಾಕಿದ್ದು. ಸೆಂಟಿಮೀಟರನ್ನು ಮೀಟರ್ ಮಾಡದೇ ಬಿಟ್ಟಿದ್ದು. ಹೊಂದಿಸಿ ಬರೆಯುವುದರಲ್ಲಿ ಒಂದು ಜೋಡಿ ಸರಿ ಕಂಡ ತಕ್ಷಣ ಉಳಿದದ್ದು ನೋಡದೇ ಓಡಿದ್ದು. ಒಂದು ತಪ್ಪಿಗೆ ಐದು ಮಾರ್ಕ್ಸ್ ಲೆಕ್ಕ, ಬರಬೇಕಿದ್ದ ನಾಲ್ಕು, ಕಳೆದಿದ್ದು ಒಂದು. 14 ಹಸಿರು ಅಂದರೆ 70. ಸರ್ ಕಾಗದದ ಅಂಚಿನಲ್ಲಿ 608 ಅಂತ ಬರೆದು ಅಪ್ಪನ ಕಡೆ ತಿರುಗಿ, 'ಇವಳಿಗೆ ಹೊಸದಾಗಿ ಕಲಿಯೋದು ಜಾಸ್ತಿ ಏನಿಲ್ಲ ಸರ್. ಇನ್ನೊಂದು ವರ್ಷ ಕೊಡಿ' ಅಂದರು. ಅಪ್ಪ ಅಷ್ಟು ಹೊತ್ತೂ ಒಂದು ಮಾತೂ ಆಡಿರಲಿಲ್ಲ. 'ಆಗ್ಲಿ ಬಿಡಿ' ಅಂದರು.

ನನ್ನ ಗೆಳತಿಯದು ಬೇರೆ ಕಥೆ. ಅವಳಿಗೆ ನನಗಿಂತ ಹತ್ತಿಪ್ಪತ್ತು ಮಾರ್ಕ್ಸ್ ಜಾಸ್ತಿಯೇ ಬಂದಿತ್ತು. ಅವಳೂ ಹೀಗೇ ಬಣ್ಣ ಹಚ್ಚಿದಳು. ಬಯಾಲಜಿಯಲ್ಲಿ ತಪ್ಪೇ ಕಡಿಮೆ. ಫಿಸಿಕ್ಸ್ ಇಡೀ ಕೆಂಪು. ಮೆಕ್ಯಾನಿಕ್ಸ್‌ನಿಂದ ಶುರುಮಾಡಿ ಎಲ್ಲ ಮೊದಲಿಂದ ಕಲಿಯಬೇಕಿತ್ತು. ಎರಡು ವರ್ಷ ಅತ್ತುಕೊಂಡೇ ಓದಿದ್ದ ವಿಷಯವನ್ನು ಮತ್ತೊಂದು ವರ್ಷ ಓದಲ್ಲ ಅಂತ ಅವಳು ಆಯುರ್ವೇದದ ಬಿಎಎಂಎಸ್ ಸೇರಿದಳು. ಮಾರ್ಕ್ಸ್ ಮಾತ್ರ ನೋಡಿದ್ದರೆ ಲಾಂಗ್ ಟರ್ಮ್‌ಗೆ ಅವಳೇ ಹೋಗಬೇಕಿತ್ತು, ನಾನು ಬಿಡಬೇಕಿತ್ತು, ಅಲ್ವಾ?

ನಾನು ಸೇರಿದ್ದು ಕರಾವಳಿ ಕಡೆಯ ಒಂದು ಕೋಚಿಂಗ್ ಸೆಂಟರ್. ಹೆಸರು ಬೇಡ. ಪಾಠ ಚೆನ್ನಾಗಿತ್ತು ಅಂತಲೇ ಹೇಳುತ್ತೇನೆ. ಆದರೆ ಟೆಸ್ಟ್ ಮಾರ್ಕ್ಸ್ ನೋಡಿ ಬ್ಯಾಚ್ ಬದಲಿಸುವ ಪದ್ಧತಿ ಇತ್ತು. ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಾಕುತ್ತಿದ್ದರು. ಒಳ್ಳೇ ಲೆಕ್ಚರರ್‌ಗಳೆಲ್ಲ ಮೇಲಿನ ಬ್ಯಾಚಿಗೇ. ಯಾರಿಗೆ ಪಾಠ ಜಾಸ್ತಿ ಬೇಕೋ ಅವರಿಗೆ ಕಡಿಮೆ ಸಿಗುವ ಈ ವ್ಯವಸ್ಥೆ ಯಾರ ತಲೆಯಿಂದ ಬಂತೋ ಕಾಣೆ. ಸೇರುವ ಮುಂಚೆ ಹಾಸ್ಟೆಲ್ ಊಟ ಹೇಗಿದೆ ಅಂತ ಎಲ್ಲರೂ ಕೇಳುತ್ತಾರೆ. ಕೊನೇ ಬ್ಯಾಚಿಗೆ ಯಾರು ಪಾಠ ಮಾಡ್ತಾರೆ ಅಂತ ಕೇಳಿ.

ಅಲ್ಲಿ ಎಲ್ಲರೂ ಮತ್ತೆ ಮೊದಲ ಪಾಠದಿಂದ ಶುರುಮಾಡಿದರು. ಕೂತು ಕೇಳುವುದು ಹಿತವಾಗಿರುತ್ತದೆ, ಯಾಕಂದರೆ ಎಲ್ಲ ಗೊತ್ತಿರುವುದೇ. ತಲೆ ಆಡಿಸುತ್ತಾ ತಿಂಗಳುಗಟ್ಟಲೆ ಕಳೆದುಬಿಡಬಹುದು. ಲಾಂಗ್ ಟರ್ಮ್‌ನ ದೊಡ್ಡ ಅಪಾಯ ಇದೇ ಅಂತ ನನ್ನ ಅಭಿಪ್ರಾಯ. ಫೋನ್ ಅಲ್ಲ, ಸೋಮಾರಿತನವೂ ಅಲ್ಲ.

ನಾನು ಒಂದು ಉದ್ದ ನೋಟ್‌ಬುಕ್ ಇಟ್ಟುಕೊಂಡೆ. ಟೆಸ್ಟಿನಲ್ಲಿ ತಪ್ಪಾದದ್ದು ಮಾತ್ರ ಅದರಲ್ಲಿ. ಎಡಗಡೆ ಪ್ರಶ್ನೆ, ಬಲಗಡೆ ನಾನು ಯಾಕೆ ಆ ಉತ್ತರ ಹಾಕಿದೆ ಅನ್ನುವುದು. ಸರಿ ಉತ್ತರ ಬರೆಯುವುದಕ್ಕಿಂತ ಇದು ಕಷ್ಟ. ಒಂದು ಉದಾಹರಣೆ. ಕ್ರೆಬ್ಸ್ ಚಕ್ರದ ಎಂಜೈಮ್‌ಗಳು ಮೈಟೋಕಾಂಡ್ರಿಯಾದ ಮ್ಯಾಟ್ರಿಕ್ಸ್‌ನಲ್ಲಿ ಇರುತ್ತವೆ ಅನ್ನುವುದು ಎಲ್ಲರಿಗೂ ಬಾಯಿಪಾಠ. ಸಕ್ಸಿನೇಟ್ ಡಿಹೈಡ್ರೋಜಿನೇಸ್ ಒಂದು ಮಾತ್ರ ಒಳಪೊರೆಯಲ್ಲಿ ಇರುತ್ತದೆ. ನಾನು ಈ ಪ್ರಶ್ನೆಯನ್ನು ಪದೇ ಪದೇ ತಪ್ಪು ಮಾಡಿದೆ. ಬಲಗಡೆ ಬರೆದುಕೊಂಡಿದ್ದು: 'ಎಲ್ಲಾ ಅನ್ನುವ ಮಾತು ಕಂಡರೆ ಖುಷಿಯಾಗಿ ಟಿಕ್ ಹಾಕ್ತೀಯ.' ಅದೇ ಖಾಯಿಲೆ ಕೆಮಿಸ್ಟ್ರಿಯಲ್ಲೂ ಸಿಕ್ಕಿತು, ಪರಮಾಣು ಪ್ರಶ್ನೆಯಲ್ಲೂ ಅದೇ ಇತ್ತು ನೋಡಿ. ಬೇರೆ ಬೇರೆ ಪಾಠದ ಹತ್ತು ತಪ್ಪು ಅಂದುಕೊಂಡಿದ್ದು ಒಂದೇ ತಪ್ಪು.

ನೀಲಿ ಬಗ್ಗೆ ಒಂದು ಮಾತು. ಮೈನಸ್ ಮಾರ್ಕ್ಸ್ ಇದೆ, ಊಹೆ ಮಾಡಬೇಡಿ ಅಂತ ಎಲ್ಲರೂ ಹೆದರಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಹಾಕಿದರೂ ಸರಾಸರಿಯಲ್ಲಿ ಕಾಲು ಮಾರ್ಕ್ಸ್ ಲಾಭವೇ. ಆದರೆ ಕಣ್ಣು ಯಾರೂ ಮುಚ್ಚಲ್ಲ. ಅರ್ಧ ಗೊತ್ತಿರುವವರಿಗೆ ಅಂತಲೇ ಒಂದು ತಪ್ಪು ಆಪ್ಷನ್ ಬಹಳ ಸೊಗಸಾಗಿ ಬರೆದಿರುತ್ತಾರೆ. ನಾನು ನೀಲಿಯಲ್ಲಿ ಬಿದ್ದಿದ್ದೆಲ್ಲ ಅಂಥದ್ದಕ್ಕೇ.

ಈ ನಡುವೆ ಮದುವೆ, ಗೃಹಪ್ರವೇಶ ಅಂತ ಹೋದರೆ 'ಈಗೇನ್ ಮಾಡ್ತಿದೀಯ?' ಲಾಂಗ್ ಟರ್ಮ್ ಅಂದರೆ 'ಓ, ಮತ್ತೆ ಪಿಯುಸಿನಾ?' ಅಲ್ಲ, ಪಿಯುಸಿ ಪಾಸಾಗಿದೆ, ನೀಟ್‌ಗೆ ಆ ಮಾರ್ಕ್ಸ್ ಸೇರಿಸಲ್ಲ, ಅರ್ಹತೆಗೆ ಇಷ್ಟು ಪರ್ಸೆಂಟ್ ಅಂತ ಇದ್ದರೆ ಸಾಕು ಅಂತ ವಿವರಿಸುವಷ್ಟರಲ್ಲಿ ಅವರು ಊಟಕ್ಕೆ ಎದ್ದಿರುತ್ತಾರೆ. ಅಜ್ಜಿ ಮಾತ್ರ ಬೀದಿಯವರಿಗೆಲ್ಲ 'ಡಾಕ್ಟ್ರು ಓದ್ತಾವ್ಳೆ' ಅಂತ ಮೊದಲೇ ಸಾರಿಬಿಟ್ಟಿದ್ದರು. ಕಾಲೇಜು ಇಲ್ಲದ ವರ್ಷ ಅಂದರೆ ಐಡಿ ಕಾರ್ಡೂ ಇಲ್ಲ. ನನಗೆ ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ಆಧಾರ್ ತೋರಿಸಿದರೆ ಸಾಕಿತ್ತು. ನಮ್ಮ ಬ್ಯಾಚಿನ ಹುಡುಗರು ಸ್ಟೂಡೆಂಟ್ ಪಾಸೂ ಇಲ್ಲದೆ ಪೂರ್ತಿ ಟಿಕೆಟ್ ತೆಗೆಯುತ್ತಾ ನಮ್ಮನ್ನು ಬಯ್ಯುತ್ತಿದ್ದರು.

ಜನವರಿಯಲ್ಲಿ ಇನ್ನೊಂದು ಹೊಡೆತ. ಕೆಲವು ವರ್ಷಗಳಿಂದ 200 ಪ್ರಶ್ನೆ ಕೊಟ್ಟು 180 ಬರೆಯುವ ಆಯ್ಕೆ ಇತ್ತು, ಸಮಯ 200 ನಿಮಿಷ. 2025ಕ್ಕೆ ಅದನ್ನು ತೆಗೆದರು. 180 ಪ್ರಶ್ನೆ, ಎಲ್ಲ ಕಡ್ಡಾಯ, 180 ನಿಮಿಷ. ಹೊಸಬರಿಗೆ ಇದು ಬರೀ ಸುದ್ದಿ. ಒಂದು ಸಲ ಬರೆದ ನಮಗೆ ಕೈಗೆ ಹತ್ತಿದ್ದ ವೇಗವನ್ನೇ ಬದಲಿಸುವ ಕೆಲಸ. ನಾನು ಬಯಾಲಜಿಯ 90 ಪ್ರಶ್ನೆಯನ್ನು ಮೊದಲು ಮುಗಿಸಿ, ಆಮೇಲೆ ಕೆಮಿಸ್ಟ್ರಿ, ಕೊನೆಗೆ ಫಿಸಿಕ್ಸ್ ಅಂತ ಇಟ್ಟುಕೊಂಡೆ.

ಮೇ 4ರ ಪರೀಕ್ಷೆಯಲ್ಲಿ ಆ ಕ್ರಮವೇ ಕಾಪಾಡಿತು. ಫಿಸಿಕ್ಸ್ ತೆರೆದಾಗ ಎದೆ ಧಸಕ್ ಅಂದಿತು. ಒಂದೊಂದು ಲೆಕ್ಕವೂ ಉದ್ದ. ನನ್ನ ಪಕ್ಕದ ಸಾಲಿನ ಹುಡುಗ ಪೆನ್ ಕೆಳಗಿಟ್ಟು ಸುಮ್ನೆ ಗೋಡೆ ನೋಡುತ್ತಿದ್ದ. 17 ಪ್ರಶ್ನೆ ಖಾಲಿ ಬಿಟ್ಟು ಎದ್ದು ಬಂದೆ. ಹೊರಗೆ ಅಮ್ಮ 'ಹೇಗಾಯ್ತು?' ಅಂದಾಗ, 'ಹೋದ್ಸಲಕ್ಕಿಂತ ಕಮ್ಮಿ ಬರುತ್ತೆ' ಅಂದೆ. ಅಮ್ಮನ ಮುಖ ನೋಡಲು ಆಗಲಿಲ್ಲ.

ಕಮ್ಮಿಯೇ ಬಂತು. 502. ಹಿಂದಿನ ಸಲಕ್ಕಿಂತ 36 ಕಡಿಮೆ. ಆದರೆ ಆ ವರ್ಷ ಇಡೀ ದೇಶಕ್ಕೆ ಮೊದಲು ಬಂದವರ ಮಾರ್ಕ್ಸೇ 686. ನನ್ನ ರ‍್ಯಾಂಕ್ ಹಿಂದಿನ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. 'ಮಾರ್ಕ್ಸ್ ಕಮ್ಮಿ ಆಗಿ ಸೀಟ್ ಸಿಗೋದು ಹೆಂಗಮ್ಮ?' ಅಂತ ದೊಡ್ಡಪ್ಪ ಇನ್ನೂ ಕೇಳುತ್ತಾರೆ. ರಾಜ್ಯದ ಸೀಟು ಹಂಚುವ ಕೆಇಎ ಕೌನ್ಸೆಲಿಂಗ್‌ನಲ್ಲಿ ಸರ್ಕಾರಿ ಕೋಟಾದ ಎಂಬಿಬಿಎಸ್ ಸೀಟು ಬಂತು. ಈ ಸಲವೂ ಪೇಪರ್‌ಗೆ ಬಣ್ಣ ಹಚ್ಚಿ ನೋಡಿದೆ. ತಪ್ಪು 30. ಕೆಂಪು ಜಾಸ್ತಿ, ನೀಲಿ ಒಂದಷ್ಟು, ಹಸಿರು ಮೂರೇ ಮೂರು.

ನನ್ನ ಹಾಸ್ಟೆಲ್ ರೂಮ್‌ಮೇಟ್ ನನಗಿಂತ ಹೆಚ್ಚು ಓದುತ್ತಿದ್ದಳು. ಬೆಳಗಿನ ಜಾವಕ್ಕೇ ಎದ್ದು ಕೂರುತ್ತಿದ್ದಳು. ಅವಳಿಗೆ ಸೀಟು ಆಗಲಿಲ್ಲ. ಅವಳ ರ‍್ಯಾಂಕ್ ಕೂಡ ಮುಂದೆ ಬಂದಿತ್ತು, ಸಾಲಲಿಲ್ಲ ಅಷ್ಟೇ. ಹೀಗೆ ಆದವರ ಬ್ಯಾನರ್ ಯಾವ ಕೋಚಿಂಗ್ ಸೆಂಟರ್ ಮುಂದೆಯೂ ಇರಲ್ಲ. ಇಷ್ಟು ಸಲ ಮಾತ್ರ ಬರೆಯಬಹುದು, ಇಷ್ಟು ವಯಸ್ಸಿನೊಳಗೆ ಬರೆಯಬೇಕು ಅಂತ ನೀಟ್‌ಗೆ ಈಗ ಮಿತಿ ಇಲ್ಲ. ಹಾಗಾಗಿ ಯಾವಾಗ ನಿಲ್ಲಿಸಬೇಕು ಅಂತ ಮನೆಯಲ್ಲೇ ಮಾತಾಡಿಕೊಂಡಿರಬೇಕು, ಅದೂ ಸೇರುವ ಮುಂಚೆ. ನಮ್ಮ ಮನೆಯಲ್ಲಿ ಒಂದೇ ಸಲ ಅಂತ ಆಗಿತ್ತು. ಅವಳ ಮನೆಯಲ್ಲಿ ಆ ಮಾತು ಬಂದಿರಲಿಲ್ಲ. ಫಲಿತಾಂಶದ ದಿನ ಅಪ್ಪ ಇನ್ನೊಂದು ಸಲ ಬರಿ ಅಂದರು, ಅಮ್ಮ ಬೇಡ ಅಂದರು, ಅವಳು ಮಧ್ಯೆ ಸಿಕ್ಕಿಕೊಂಡಳು. ಆಮೇಲೆ ಬಿ.ಎಸ್ಸಿ. ನರ್ಸಿಂಗ್ ಸೇರಿದಳು. ಮೊನ್ನೆ ಫೋನ್ ಮಾಡಿ, ವಾರ್ಡಿನಲ್ಲಿ ಬಿಪಿ ನೋಡೋದನ್ನ ನಿನಗಿಂತ ಮೊದಲು ಕಲಿತೆ ಅಂತ ಹಂಗಿಸಿದಳು. ನಿಜವೇ, ನಾವಿನ್ನೂ ಅನಾಟಮಿಯಲ್ಲಿ ಮೂಳೆ ಹಿಡಿದು ಕೂತಿದ್ದೇವೆ.

ಇನ್ನು ಸಣ್ಣ ವಿಷಯಗಳು. ಎರಡನೇ ಸಲ ಬರೆಯುವವರು ಎನ್‌ಟಿಎಗೂ ಕೆಇಎಗೂ ಹೊಸದಾಗಿ ಅರ್ಜಿ ಹಾಕಬೇಕು. ಹೋದ ವರ್ಷ ಹಾಕಿದ್ದೆ ಅಂತ ಕೂರಬೇಡಿ. ಜಾತಿ, ಆದಾಯದ ಸರ್ಟಿಫಿಕೇಟ್ ಇನ್ನೂ ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ. ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಬೇಕಿದ್ದರೆ ಅದನ್ನು ಫಲಿತಾಂಶ ಬರುವ ಮುಂಚೆಯೇ ಮಾಡಿಸಿಡಿ, ಆಮೇಲೆ ಆ ಆಫೀಸಿನ ಮುಂದೆ ಸಾಲು ದೊಡ್ಡದಾಗುತ್ತದೆ. ಓಎಂಆರ್ ಪ್ರತಿ ಮತ್ತು ಉತ್ತರದ ಕೀ ವೆಬ್‌ಸೈಟಿಗೆ ಬಂದ ದಿನವೇ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಸಿ. ನನಗೆ ಫೋನ್ ಮಾಡುವುದು ಅದಾದ ಮೇಲೆ. ಮೂರು ಬಣ್ಣದ ಪೆನ್ನೂ ಇರಲಿ.